ಸಿಕ್ಕ ಬಾಗಿಲಿಗೆ ಹತ್ತಿದವಳು

ಆಗ ನನಗೆ ಅರವತ್ತೆಂಟು. ಈಗ್ಗೆ ಎರಡು ವರ್ಷದ ಮಾತು. ಜರ್ಮನಿಯಲ್ಲಿ ನಾನು ಕಳೆದುಹೋಗಿದ್ದೆ ಎಂದು ನಮ್ಮ ಓಣಿಯಲ್ಲಿ ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ನಾನು ಕಳೆದುಹೋಗಿರಲಿಲ್ಲ. ರೈಲು ಎರಡಾಗಿತ್ತು, ಅಷ್ಟೇ. ಬಾಯಲ್ಲಿ ಹೇಳಹೋದರೆ ಪೂರ್ತಿ ಕೇಳುವವರಿಲ್ಲ, ಅರ್ಧಕ್ಕೇ ನಗಲು ಶುರುಮಾಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಬರೆಯುತ್ತೇನೆ ಅಂದರೆ ಬಹಳ ಕಲಿತವಳು ಅಂದುಕೊಳ್ಳಬೇಡಿ. ಶಾಲೆಯ ಕಟ್ಟೆ ಹತ್ತಿದವಳಲ್ಲ. ಯಾದಗಿರಿ ಸ್ಟೇಶನ್ನಿನಲ್ಲಿ ಹುರಿದ ಶೇಂಗಾ ಮಾರುತ್ತ, ಹಳದಿ ಬೋರ್ಡು ನೋಡಿ ನೋಡಿ ಅಕ್ಷರ ಹಿಡಿದೆ. ಬಹಳ ದಿನ ನನ್ನ ಕನ್ನಡದಲ್ಲಿ ಯಾದಗಿರಿ, ಸೈದಾಪುರ, ನಾಲವಾರ ಈ ಮೂರರಲ್ಲಿ ಇರುವಷ್ಟೇ ಅಕ್ಷರಗಳಿದ್ದವು. ಉಳಿದವು ಆಮೇಲೆ ಒಂದೊಂದಾಗಿ ಬಂದು ಸೇರಿದವು. ಈಗಲೂ ಒಂದೊಂದಾಗಿಯೇ ಬರುತ್ತವೆ. ಬರಲಿ, ನನಗೇನು ಗಾಡಿ ತಪ್ಪುವುದಿಲ್ಲ.

ಆದರೆ ರೈಲಿನ ವಿಷಯ ನನಗೆ ಯಾರೂ ಕಲಿಸಬೇಕಾಗಿಲ್ಲ. ಗಾಡಿ ನಮ್ಮಲ್ಲಿ ನಿಲ್ಲುವುದು ಎರಡು ನಿಮಿಷ. ಅಷ್ಟರಲ್ಲಿ ತನ್ನ ಡಬ್ಬಿ ಹುಡುಕುತ್ತ ಓಡಾಡುವವನು ಪ್ಲಾಟ್‌ಫಾರ್ಮಿನಲ್ಲೇ ಉಳಿಯುತ್ತಾನೆ. ಸಿಕ್ಕ ಬಾಗಿಲಿಗೆ ಹತ್ತು, ಆಮೇಲೆ ಒಳಗೊಳಗೇ ನಡೆ. ನಮ್ಮ ಕಸುಬಿನ ಮೊದಲ ಪಾಠ ಇದು, ಕೊನೆಯದೂ ಇದೇ. ಮೂವತ್ತು ವರ್ಷ ಬುಟ್ಟಿ ಹೊತ್ತು ಹಾಗೆ ಹತ್ತಿ, ಮಾರುತ್ತ ಮಾರುತ್ತ ಮುಂದಿನ ಸೈದಾಪುರದಲ್ಲಿ ಇಳಿದು, ಎದುರಿನ ಗಾಡಿ ಹಿಡಿದು ವಾಪಸ್ ಬಂದಿದ್ದೇನೆ. ಮದ್ರಾಸಿನವರು ನನ್ನ ಶೇಂಗಾ ತಿನ್ನುತ್ತ ಮದ್ರಾಸಿಗೆ ಹೋದರು, ನಾನು ಮನೆಗೆ ಬಂದೆ.

ಪ್ಲಾಟ್‌ಫಾರ್ಮಿನ ಚಹಾದಂಗಡಿಯಲ್ಲಿ ಒಂದು ಕ್ಯಾಲೆಂಡರ್ ಇತ್ತು. ತಾರೀಖಿನ ಹಾಳೆಗಳೆಲ್ಲ ಹರಿದು ಮುಗಿದಿದ್ದರೂ ಚಿತ್ರ ಉಳಿದಿತ್ತು. ಎತ್ತರದ ಕಲ್ಲಿನ ಸೇತುವೆಯ ಮೇಲೆ ಕೆಂಪು ರೈಲು, ಹಿಂದೆ ಬೆಳ್ಳನೆಯ ಗುಡ್ಡಗಳು. ನನ್ನ ತವರು ಶಹಾಪುರ. ಅಲ್ಲಿಯ ಗುಡ್ಡ ಮನುಷ್ಯ ಅಂಗಾತ ಮಲಗಿದಂತಿದೆ. ಈ ಗುಡ್ಡಗಳಲ್ಲಿ ಒಂದೂ ಮಲಗಿರಲಿಲ್ಲ, ಎಲ್ಲವೂ ಎದ್ದು ನಿಂತಿದ್ದವು. ಚಹಾದಂಗಡಿಯ ಖಾಜಾಸಾಬ್ ನನ್ನ ಕಣ್ಣು ಎಲ್ಲಿದೆ ಎಂದು ನೋಡಿ, "ಯಕ್ಕಾ, ಆ ಗಾಡ್ಯಾಗ ನಿನ್ನ ಶೇಂಗಾ ಯಾರೂ ತಗೊಳ್ಳಂಗಿಲ್ಲ," ಅಂದ.

"ಮಾರಾಕ ಯಾರು ಹೋಗ್ತಾರ? ಕುಂದ್ರಾಕ ಹೋಗ್ತೀನಿ," ಅಂದೆ.

ಅವನು ಚಹಾ ಚೆಲ್ಲುವಷ್ಟು ನಕ್ಕ. ಆ ನಗುವನ್ನು ನಾನು ಮರೆಯಲಿಲ್ಲ.

ನನ್ನ ತಂಗಿಯ ಮಗಳು ರೇಣುಕಾ ಜರ್ಮನಿಯಲ್ಲಿ ನರ್ಸ್. ತಾಯಿ ಬೇಗ ಹೋದದ್ದರಿಂದ ನನ್ನ ಮನೆಯಲ್ಲೇ ಬೆಳೆದವಳು. ಅವಳು ನನ್ನನ್ನು ಕರೆಸಿಕೊಂಡು ಏನು ನೋಡುತ್ತೀ ಎಂದಾಗ, ಕೆಂಪು ರೈಲು ಅಂದೆ. ಅದು ಪಕ್ಕದ ಸ್ವಿಟ್ಜರ್ಲೆಂಡಿನಲ್ಲಿ ಓಡುತ್ತದಂತೆ. ಟಿಕೆಟ್ ತೆಗೆಸಿದಳು. ಆ ಪ್ರಯಾಣಕ್ಕೆ ಮೂರು ದಿನ ಮೊದಲು, ರೂಢಿಯಾಗಲಿ ಎಂದು, ಜೋರಾಗಿ ಓಡುವ ರೈಲಿನಲ್ಲಿ ಒಂದು ದೊಡ್ಡ ಊರಿಗೆ ತನ್ನ ಜೊತೆ ಹೊರಡಿಸಿದಳು.

ಗಾಡಿ ಬಂತು. ರೇಣುಕಾ ಬ್ಯಾಗು ಎಳೆಯುತ್ತ, "ನಮ್ಮ ಡಬ್ಬಿ ಮುಂದೈತಿ, ಬಾ ದೊಡ್ಡವ್ವ," ಎನ್ನುತ್ತ ನಡೆದಳು. ನನ್ನ ಎದುರಿಗೇ ಒಂದು ಬಾಗಿಲು ತೆರೆಯಿತು. ಕಾಲುಗಳು ನನ್ನನ್ನು ಕೇಳಲಿಲ್ಲ, ಹತ್ತಿಬಿಟ್ಟವು. ಒಳಗೊಳಗೇ ನಡೆದೆ. ಒಂದು ಡಬ್ಬಿ, ಎರಡು, ಐದು. ಆಮೇಲೆ ಗೋಡೆ. ಅಲ್ಲಿ ಎರಡು ಗಾಡಿಗಳನ್ನು ಎತ್ತುಗಳಂತೆ ಮೂಗಿಗೆ ಮೂಗು ತಾಗಿಸಿ ಜೋಡಿಸಿರುತ್ತಾರೆ, ನಡುವೆ ಹಾದಿ ಇರುವುದಿಲ್ಲ, ಒಂದು ಜಂಕ್ಷನ್ನಿನಲ್ಲಿ ಬಿಡಿಸಿ ಒಂದನ್ನು ಒಂದು ದಿಕ್ಕಿಗೆ, ಇನ್ನೊಂದನ್ನು ಇನ್ನೊಂದು ದಿಕ್ಕಿಗೆ ಹೊಡೆಯುತ್ತಾರೆ ಎಂದು ನನಗೆ ಯಾರು ಹೇಳಿದ್ದರು? ಮುಂದಿನ ಗಾಡಿಯಲ್ಲಿ ರೇಣುಕಾ, ನನ್ನ ಟಿಕೆಟ್, ನನ್ನ ಫೋನು. ಹಿಂದಿನ ಗಾಡಿಯಲ್ಲಿ ನಾನು ಮತ್ತು ರೊಟ್ಟಿಯ ಗಂಟು.

ಹೇಗೂ ಕುಳಿತಿದ್ದೇನೆ, ಓಟವನ್ನಾದರೂ ನೋಡೋಣ ಎಂದು ನೋಡಿದೆ. ಬಾಗಿಲ ಮೇಲೆ ಇನ್ನೂರೈವತ್ತು ಎಂಬ ಅಂಕಿ ಬೆಳಗುತ್ತಿತ್ತು. ಕಿಟಕಿ ತೆರೆಯುವಂತಿಲ್ಲ, ಗಾಳಿ ಇಲ್ಲ, ಮಾರುವವರಿಲ್ಲ, ಮಾತಿಲ್ಲ. ಹತ್ತಿರದ ಗಿಡ ಓಡುತ್ತದೆ, ದೂರದ ಹೊಲ ನಿಧಾನ ತಿರುಗುತ್ತದೆ. ನಮ್ಮ ಪ್ಯಾಸೆಂಜರ್ ಗಾಡಿಯಲ್ಲೂ ಇಷ್ಟೇ ಕಾಣುತ್ತದೆ, ಮೇಲೆ ಗಾಳಿ ಪುಕ್ಕಟೆ.

ಟಿಕೆಟ್ ನೋಡುವವಳು ಬಂದಾಗ ಎಲೆಅಡಿಕೆ ಸಂಚಿಯಿಂದ ರೇಣುಕಾ ತನ್ನ ವಿಳಾಸ, ಸ್ಟೇಶನ್ನಿನ ಹೆಸರು, ಫೋನ್ ನಂಬರು ಬರೆದುಕೊಟ್ಟಿದ್ದ ಚೀಟಿ ತೆಗೆದು ಕೊಟ್ಟೆ. ಅವಳು ಫೋನು ಹಚ್ಚಿ ನನ್ನ ಕಿವಿಗಿಟ್ಟಳು. ಅಷ್ಟರಲ್ಲಿ ಗಾಡಿ ಎರಡಾಗಿ ಬಹಳ ಹೊತ್ತಾಗಿತ್ತು. "ಮುಂದಿನ ಸ್ಟೇಶನ್ದಾಗ ಇಳಿ. ಕುಂತಲ್ಲಿಂದ ಏಳಬ್ಯಾಡ," ಎಂದು ರೇಣುಕಾ ಅಳುತ್ತ ಹೇಳಿದಳು.

ಇಳಿದು ಬೆಂಚಿನ ಮೇಲೆ ಕುಳಿತೆ. ಹಸಿವಾಗಿತ್ತು, ಗಂಟು ಬಿಚ್ಚಿದೆ. ಪಕ್ಕದಲ್ಲಿ ನನ್ನ ವಯಸ್ಸಿನ ಒಬ್ಬ ಗಂಡಸು ಇದ್ದ. ಪಕ್ಕದವರನ್ನು ಕರೆಯದೆ ತಿಂದು ನನಗೆ ರೂಢಿಯಿಲ್ಲ. "ಊಟಕ್ಕ ಬರ್ರಿ," ಅಂದೆ. ಅವನಿಗೆ ಕನ್ನಡ ಬರಲಿಲ್ಲ, ಆದರೆ ಚಾಚಿದ ರೊಟ್ಟಿ ಅರ್ಥವಾಯಿತು. ರೊಟ್ಟಿಗೆ ಹಚ್ಚಿದ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಖಾರಕ್ಕೆ ಅವನ ಕಣ್ಣಲ್ಲಿ ನೀರು ಬಂತು, ಆದರೂ ಇನ್ನೊಂದು ತುಂಡಿಗೆ ಕೈ ನೀಡಿದ. ಒಂದೂವರೆ ತಾಸಿನ ಮೇಲೆ ರೇಣುಕಾ ಓಡಿ ಬಂದಾಗ ನಾವಿಬ್ಬರೂ ಅವನು ಕೊಟ್ಟ ಸೇಬು ಕೊಯ್ದು ತಿನ್ನುತ್ತಿದ್ದೆವು.

"ಹೇಳಿದ್ದು ಕಿವಿಗೆ ಬೀಳಂಗಿಲ್ಲೇನ ನಿಂಗ? ತಿರುಗಿ ನೋಡಿದರ ನೀ ಇಲ್ಲ. ನನ್ನ ಜೀವಾನ ಹೋತು."

"ಗಾಡಿ ಎರಡಾಗ್ಯಾದ. ನಾ ಒಬ್ಬಾಕಿನ ಅದೀನಲ್ಲ, ಯಾಕ ಅಳ್ತಿ?"

"ನಗಬ್ಯಾಡ. ಗುಡ್ಡದ ರೈಲಿಗೆ ಮೂರು ಕಡೆ ಗಾಡಿ ಬದಲ್ ಮಾಡಬೇಕು. ನಿಂಗ ಇಲ್ಲಿ ಭಾಷಾ ಓದಾಕ ಬರಂಗಿಲ್ಲ, ಕೇಳಾಕ ಬರಂಗಿಲ್ಲ. ಅದು ಬ್ಯಾಡ ಇನ್ನ. ಮನ್ಯಾಗ ಇರು, ವಿಡಿಯೋ ತೋರಿಸ್ತೀನಿ. ನಾಳೆ ಟಿಕೆಟ್ ರದ್ದು ಮಾಡ್ತೀನಿ."

"ಚಿತ್ರ ನೋಡಾಕ ಇಷ್ಟು ದೂರ ಬರಬೇಕಾಗಿತ್ತೇನು? ಖಾಜಾಸಾಬನ ಅಂಗಡ್ಯಾಗ ಇತ್ತಲ್ಲ."

ಅವಳು ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. ಮನೆ ಮುಟ್ಟುವವರೆಗೂ ಬಿಡಲಿಲ್ಲ.

ಆ ರಟ್ಟೆಯ ಹಿಡಿತವೇ ನನಗೆ ಆಗುವುದಿಲ್ಲ. ವಯಸ್ಸಾದ ಮೇಲೆ ನಾವು ಹತ್ತುವುದಿಲ್ಲ, ನಮ್ಮನ್ನು ಹತ್ತಿಸುತ್ತಾರೆ. ಇಳಿಯುವುದಿಲ್ಲ, ಇಳಿಸಿಕೊಳ್ಳುತ್ತಾರೆ. ನಮ್ಮೂರ ಪಕ್ಕದ ಅಬ್ಬೆತುಮಕೂರಿನ ಮಠಕ್ಕೆ ಹೊರಟರೂ ಬಸ್ಸಿನಲ್ಲಿ ಕೂಡಿಸಲು ಒಬ್ಬ, ಅಲ್ಲಿ ಇಳಿಸಿಕೊಳ್ಳಲು ಒಬ್ಬ. ಜೋಳದ ಚೀಲಕ್ಕೂ ಹೀಗೇ ಮಾಡುತ್ತಾರೆ. ಚೀಲ ಸುಮ್ಮನಿರುತ್ತದೆ, ಅದಕ್ಕೆ ಬಾಯಿ ಹೊಲಿದಿರುತ್ತಾರೆ. ಪ್ರೀತಿಯಿಂದ ಮಾಡುತ್ತಾರೆ, ಒಪ್ಪುತ್ತೇನೆ. ಆದರೆ ಓಡುವ ಗಾಡಿಗಳಲ್ಲಿ ಮೂವತ್ತು ವರ್ಷ ಹೊಟ್ಟೆ ಹೊರೆದವಳಿಗೆ, ನಿನಗೆ ರೈಲು ತಿಳಿಯುವುದಿಲ್ಲ ಎಂದು ಯಾರಾದರೂ ಹೇಳಿದರೆ ಅದನ್ನು ಪ್ರೀತಿ ಎಂದು ನುಂಗಲು ನನ್ನಿಂದಾಗದು.

ಮರುದಿನ ಬೆಳಿಗ್ಗೆ ರೇಣುಕಾ ಏಳುವ ಮೊದಲೇ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡೆ. ಊರಗಾಡಿಗಳಿಗೆಂದು ಅವಳು ತೆಗೆಸಿಕೊಟ್ಟಿದ್ದ ತಿಂಗಳ ಪಾಸು, ವಿಳಾಸದ ಚೀಟಿ ಎರಡನ್ನೂ ಸಂಚಿಯಲ್ಲಿಟ್ಟುಕೊಂಡು ಓಣಿಯ ಕೊನೆಗಿದ್ದ ಸಣ್ಣ ಸ್ಟೇಶನ್ನಿಗೆ ನಡೆದೆ. ಬೋರ್ಡಿನ ಅಕ್ಷರಗಳನ್ನು ಚೀಟಿಯವಕ್ಕೆ ಒಂದೊಂದಾಗಿ ಹೊಂದಿಸಿ, ನಮ್ಮ ಸ್ಟೇಶನ್ನಿನ ಮುಖ ಗುರುತಿಟ್ಟುಕೊಂಡೆ. ಗಾಡಿ ಬಂತು. ಸಿಕ್ಕ ಬಾಗಿಲಿಗೆ ಹತ್ತಿದೆ. ಮುಂದಿನ ಸ್ಟೇಶನ್ನಿನಲ್ಲಿ ಇಳಿದು, ಅಲ್ಲಿಯ ಅಂಗಡಿಯಲ್ಲಿ ಬೆರಳು ತೋರಿಸಿ ಎರಡು ಬನ್ನು ಕೊಂಡು, ಎದುರಿನ ಗಾಡಿ ಹಿಡಿದು, ಬೋರ್ಡಿನ ಮುಖ ಗುರುತಿಸಿ ಇಳಿದು ಮನೆಗೆ ಬಂದೆ.

ರೇಣುಕಾ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ಇದ್ದಳು, ನನ್ನನ್ನು ಹುಡುಕಲು ಹೊರಟಿದ್ದಳು. ಬನ್ನಿನ ಚೀಲ ಅವಳ ಕೈಗಿಟ್ಟೆ. ಅದರ ಮೇಲೆ ಅಚ್ಚಾಗಿದ್ದ ಊರಿನ ಹೆಸರು ಓದಿದಳು.

"ಯಾರ ಜೋಡಿ ಹೋಗಿದ್ದಿ?"

"ಪಾಸಿನ ಜೋಡಿ."

ಅವಳು ಚೀಲ ನೋಡಿದಳು, ನನ್ನನ್ನು ನೋಡಿದಳು. ಟಿಕೆಟ್ ರದ್ದು ಮಾಡಲು ಮೇಜಿನ ಮೇಲೆ ತೆರೆದಿಟ್ಟಿದ್ದ ಫೋನನ್ನು ಬೋರಲು ಹಾಕಿ, "ಗುಡ್ಡದ ಮ್ಯಾಲ ಥಂಡಿ ಭಾಳ ಇರ್ತದ, ಇನ್ನೊಂದು ಸ್ವೆಟರ್ ಇಟ್ಕೊ," ಅಂದಳು. ನಾನು ಊರಿಂದ ತಂದ ಜೋಳದ ಹಿಟ್ಟು ತೆಗೆದು, ಎದುರಿಗೆ ಕೂಡ್ರುವವರದ್ದೂ ಸೇರಿಸಿ, ದಾರಿಯ ರೊಟ್ಟಿ ಬಡಿಯಲು ನಿಂತೆ.