ಚಾರ್ಜರ್ ಉಂಟು, ಬನ್ನಿ

ಅಥವಾ ಅಂಗಡಿಯನ್ನು ಕೆಡವಿದ್ದು ಯಂತ್ರ ಬಂದ ಮೇಲೆಯೇ ಇರಬಹುದು. ನನ್ನ ನೆನಪಿನಲ್ಲಿ ಎರಡೂ ಒಟ್ಟಿಗೆ ನಿಂತಿವೆ: ಬಜಗೋಳಿಯ ರಸ್ತೆ ಬದಿಯಲ್ಲಿ ಭಾವನ ಅಂಗಡಿ, ಮಾಡಿನಿಂದ ತೂಗುವ ಬಾಳೆಗೊನೆ, ಅದರ ಪಕ್ಕದಲ್ಲೇ ಕಾರು ಚಾರ್ಜ್ ಮಾಡುವ ಆಳೆತ್ತರದ ಬಿಳಿ ಪೆಟ್ಟಿಗೆ, ಹೆಗಲಿಗೆ ಹಾಕಿಕೊಂಡಂತೆ ಅದರ ಕಪ್ಪು ಕೇಬಲ್ಲು. ಇದು ಸಾಧ್ಯವಿಲ್ಲ. ಅಂಗಡಿ ಇದ್ದ ಜಾಗದಲ್ಲೇ ಯಂತ್ರವನ್ನು ನಿಲ್ಲಿಸಿದ್ದು. ಒಂದು ಹೋಗದೆ ಇನ್ನೊಂದು ಬರುವಂತಿರಲಿಲ್ಲ. ಆದರೂ ಬಾಳೆಗೊನೆಯ ನೆರಳು ಆ ಪೆಟ್ಟಿಗೆಯ ಮೇಲೆ ಬಿದ್ದದ್ದನ್ನು ನಾನು ಕಂಡಿದ್ದೇನೆ. ಕಂಡಿದ್ದೇನೆ ಎಂದು ಪ್ರಮಾಣ ಮಾಡಬಲ್ಲೆ. ನನ್ನ ಪ್ರಮಾಣಕ್ಕೆ ಎಷ್ಟು ಬೆಲೆ ಎಂಬುದು ಇಷ್ಟರಲ್ಲೇ ಗೊತ್ತಾಗಿರಬೇಕು.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ನಾವು ಮನೆಯಲ್ಲಿ ಆಡುವುದು ತುಳು. ಇಲ್ಲಿ ಬರೆಯುತ್ತಿರುವುದು ಕನ್ನಡ. ಹಾಗಾಗಿ ಅಕ್ಕ, ಭಾವ ಆಡಿದ ಮಾತೆಂದು ನಾನು ಕೊಡುವುದೆಲ್ಲ ಆಗಲೇ ಒಮ್ಮೆ ಬಟ್ಟೆ ಬದಲಿಸಿದ ಮಾತು. ಒಂದು ಫೋನ್ ಕರೆ, ಅದರ ಬೆನ್ನಿಗೆ ಬಂದವರೊಡನೆ ಆಡಿದ ಮಾತು, ಇಷ್ಟು ಮಾತ್ರ ಕನ್ನಡದಲ್ಲೇ ನಡೆಯಿತು. ಆ ಕರೆಯ ಒಂದು ಶಬ್ದ ಇದ್ದ ಹಾಗೆಯೇ ನನ್ನಲ್ಲಿ ಉಳಿದಿದೆ.

ಭಾವ ಎಂದರೆ ಅಕ್ಕನ ಗಂಡ. ಕಾರ್ಕಳದಿಂದ ಕುದುರೆಮುಖದ ಕಡೆ ಹೋಗುವ ರಸ್ತೆಯಲ್ಲಿ, ಬಜಗೋಳಿ ಪೇಟೆ ಮುಗಿಯುವಲ್ಲಿ ಅವರ ಮನೆ. ಮನೆಯ ಮುಂದೆ ರಸ್ತೆಗೆ ತಾಗಿಕೊಂಡು ಅವರ ತಾಯಿ ಹಾಕಿದ್ದ ಅಂಗಡಿ ಇತ್ತು: ಸೋಡಾ, ಬಾಳೆಹಣ್ಣು, ಬೆಳಿಗ್ಗೆ ಬನ್ಸ್, ಘಾಟಿ ಹತ್ತುವವರಿಗೆ ವಾಂತಿ ಬಾರದ ಹಾಗೆ ಲಿಂಬೆಹುಳಿ. ಘಾಟಿಗೆ ಮೊದಲು ಎಲ್ಲರೂ ಅಲ್ಲಿ ಒಮ್ಮೆ ನಿಲ್ಲುತ್ತಿದ್ದರು. ಭಾವನಿಗೆ ವ್ಯಾಪಾರಕ್ಕಿಂತಲೂ ಆ ನಿಲ್ಲುವುದು ಮುಖ್ಯವಾಗಿತ್ತು. ಯಾರು ಎಲ್ಲಿಗೆ ಹೋಗುತ್ತಾರೆ, ಯಾಕೆ, ಹಿಂದೆ ಬರುವುದು ಯಾವಾಗ ಎಂದು ಕೇಳದೆ ಅವರು ಯಾರಿಗೂ ಚಿಲ್ಲರೆ ಕೊಟ್ಟದ್ದಿಲ್ಲ.

ರಸ್ತೆ ಹೊಸದಾಗಿ ಅಗಲವಾಯಿತು. ಕಾರುಗಳು ನಿಲ್ಲುವುದು ಕಡಿಮೆಯಾಯಿತು. ಆಗ ಒಂದು ಕಂಪೆನಿಯ ಜನ ಬಂದು, ಮುಂದಿನ ಕಾಲ ವಿದ್ಯುತ್ ಕಾರಿನದು, ಘಾಟಿಯ ಬುಡದಲ್ಲಿ ವೇಗದ ಚಾರ್ಜರ್ ಒಂದೂ ಇಲ್ಲ, ನಿಮ್ಮ ಜಾಗ ಬೇಕು ಎಂದರು. ಎರಡು ಕಾರು ನಿಲ್ಲುವಷ್ಟು ಅಗಲ ಬೇಕಿತ್ತು. ಅಷ್ಟು ಅಗಲ ಇದ್ದದ್ದು ಅಂಗಡಿ ಇದ್ದಲ್ಲಿ ಮಾತ್ರ.

"ಪೆಟ್ಟಿಗೆ ಸೋಡಾ ಕೊಡ್ತದಾ?" ಎಂದು ಅಕ್ಕ ಕೇಳಿದಳು.

"ನಿನಗೆ ಎಂತ ಗೊತ್ತುಂಟು ಮಾರಾಯ್ತಿ? ಚಾರ್ಜ್ ಆಗ್ಲಿಕ್ಕೆ ಅವರು ಕೂತುಕೊಳ್ಳಲೇಬೇಕು. ಅಷ್ಟು ಹೊತ್ತು ಕೂತವರು ಒಂದು ಸೋಡಾ ಕುಡಿಯದೆ ಇರ್ತಾರಾ?"

"ಕುಡಿಯಲಿ. ಸೋಡಾ ಎಲ್ಲಿಂದ? ಅಂಗಡಿ ಎಲ್ಲಿ ಉಂಟು?"

ಭಾವ ಇದನ್ನು ಯೋಚಿಸಿರಲಿಲ್ಲ. ಅವರು ನನ್ನ ಮುಖ ನೋಡಿದರು. ಮೂವರೂ ನಕ್ಕೆವು. ಆಮೇಲೆ ಜಗಲಿಯಲ್ಲೇ ಒಂದು ಬೆಂಚು, ಒಂದು ಸಣ್ಣ ಫ್ರಿಜ್ಜು ಇಟ್ಟರಾಯಿತು ಎಂದು ತೀರ್ಮಾನವಾಯಿತು. ಆದರೆ ನಗು ನಿಂತ ಮೇಲೆ ಉಳಿದ ವಿಷಯ ನನಗೂ ಅಕ್ಕನಿಗೂ ಗೊತ್ತಿತ್ತು: ಅಂಗಡಿ ಹೋದ ಮೇಲೆ ಭಾವನ ಹಗಲೆಲ್ಲ ಆ ಯಂತ್ರದ ಮೇಲೆ ನಿಂತಿರುತ್ತದೆ. ಅದು ನಡೆದರೆ ಅವರಲ್ಲಿಗೆ ಜನ ಬರುತ್ತಾರೆ. ನಡೆಯದಿದ್ದರೆ ಅವರು ರಸ್ತೆ ಬದಿಯಲ್ಲಿ ಮನೆಯಿರುವ ಒಬ್ಬ ಮನುಷ್ಯ, ಅಷ್ಟೇ.

ಮೊದಲ ಚಳಿಗಾಲ ಅದು ನಡೆಯಿತು. ಈ ಮಾತನ್ನು ಬರೆಯುವಾಗ ನನಗೆ ಖುಷಿಯಾಗುತ್ತದೆ, ಆದ್ದರಿಂದ ಇದರ ಮೇಲೂ ಅನುಮಾನ. ಬಂದ ಕಾರುಗಳೆಷ್ಟೋ. ನನಗೆ ಕಾಣುವುದು ಮತ್ತೆ ಮತ್ತೆ ಅದೇ ಒಂದು ನೀಲಿ ಕಾರು, ಅದರ ಪಕ್ಕದಲ್ಲಿ ಸೋಡಾ ಹಿಡಿದು ನಿಂತ ಅದೇ ಒಬ್ಬ ದಪ್ಪ ಮನುಷ್ಯ. ಬಹುಶಃ ಬಂದವನು ಅವನೊಬ್ಬನೇ.

ನನ್ನದೂ ವಿದ್ಯುತ್ ಕಾರು. ಮಣಿಪಾಲದ ನಮ್ಮ ಫ್ಲಾಟಿನಲ್ಲಿ ಸ್ವಂತ ಪಾಯಿಂಟ್ ಹಾಕಿಸಲು ಸಂಘದವರು ಇನ್ನೂ ಒಪ್ಪಿಲ್ಲವಾದ್ದರಿಂದ ಹೊರಗಿನ ಚಾರ್ಜರುಗಳೇ ಗತಿ. ಮೊಬೈಲಿನ ನಕಾಶೆಯಲ್ಲಿ ಅವೆಲ್ಲ ಹಸಿರು ಚುಕ್ಕೆಗಳು. ಹೆದ್ದಾರಿಯ ಉದ್ದಕ್ಕೆ ಅವು ಹೆಚ್ಚುತ್ತಲೇ ಇವೆ. ಕಾಪುವಿನಲ್ಲಿ ರಸ್ತೆಯ ಈ ಬದಿ ಒಂದು, ಆ ಬದಿ ಒಂದು, ಮುಂದಿನ ಹೋಟೆಲಿನ ಎದುರು ಮತ್ತೊಂದು. ಮೂರೂ ಖಾಲಿ ನಿಂತದ್ದನ್ನು ನೋಡಿದ್ದೇನೆ. ಉಡುಪಿ, ಮಣಿಪಾಲದಲ್ಲಿ ಸಾಲು ನಿಂತಾದರೂ ಸಿಗುತ್ತದೆ. ಶಿರ್ವದ ಗಲ್ಫ್ ದುಡ್ಡಿನ ಮನೆಗಳ ಪೋರ್ಟಿಕೋದಲ್ಲಿ ಅವರವರದ್ದೇ ಇವೆ, ನಕಾಶೆಗೆ ಅವು ಕಾಣುವುದಿಲ್ಲ. ಕಾರ್ಕಳಕ್ಕೆ ಬರುವಾಗ ಚುಕ್ಕೆಗಳು ವಿರಳ. ಅದರಾಚೆಗೆ ಬಜಗೋಳಿಯ ಒಂದೇ ಚುಕ್ಕೆ, ಆಮೇಲೆ ಕಾಡು. ಬೆಳವಣಿಗೆ ಇಲ್ಲ ಎನ್ನುವ ಹಾಗಿಲ್ಲ. ಬೆಳೆದಲ್ಲೇ ಬೆಳೆಯುತ್ತದೆ.

ಬೇಸಿಗೆಯಲ್ಲಿ ವೋಲ್ಟೇಜು ಇಳಿಯಿತು. ಹತ್ತಿರದ ಗೇರುಬೀಜದ ಕಾರ್ಖಾನೆ ಓಡುವಾಗ ಚಾರ್ಜರ್ ತಾನಾಗಿ ನಿಲ್ಲುತ್ತಿತ್ತು. ಮಳೆಗೆ ಮುಂಚಿನ ಒಂದು ಸಿಡಿಲಿಗೆ ಅದರ ಹೊಟ್ಟೆಯೊಳಗಿನ ಮುಖ್ಯ ಭಾಗವೇ ಸುಟ್ಟುಹೋಯಿತು. ಪರದೆ ಮಾತ್ರ ಬೆಳಗುತ್ತಿತ್ತು. ಕಂಪೆನಿಯವರು ಪಾರ್ಟ್ ಬರಬೇಕು ಎಂದರು. ಆಮೇಲೆ ಆ ಕಂಪೆನಿಯನ್ನು ಬೇರೆ ಯಾರೋ ಕೊಂಡರು. ಕೊಂಡವರು ಹಳೆಯ ಯಂತ್ರಗಳ ವಿಷಯ ನಮಗೆ ಬಂದಿಲ್ಲ ಎಂದರು. ಪರದೆ ಬೆಳಗುತ್ತಿದ್ದ ಕಾರಣ ಯಂತ್ರ ಬದುಕಿದೆಯೆಂದು ನಕಾಶೆ ನಂಬಿತ್ತು. ಚುಕ್ಕೆ ಹಸಿರಾಗಿಯೇ ಉಳಿಯಿತು, ಅದರ ಕೆಳಗೆ ಭಾವನ ಫೋನ್ ನಂಬರು.

ಆದ್ದರಿಂದ ಫೋನುಗಳು ಬರುತ್ತಿದ್ದವು. ಇಲ್ಲಿ ಭಾವನ ಬಾಯಿಯ ಬಗ್ಗೆ ಹೇಳಬೇಕು. ಅಂಗಡಿಯವರ ಬಾಯಿಂದ 'ಇಲ್ಲ' ಬರಬಾರದು ಎಂದು ಅವರ ತಾಯಿ ಕಲಿಸಿದ್ದರು. ಉಪ್ಪು ಮುಗಿದಿದ್ದರೆ 'ನಾಳೆಗೆ ಬರ್ತದೆ'. ಬಾಳೆಹಣ್ಣು ಮುಗಿದಿದ್ದರೆ 'ಹಣ್ಣಾಗ್ತಾ ಉಂಟು'. 'ಇಲ್ಲ' ಎಂದರೆ ಅಂಗಡಿಗೆ ಆ 'ಇಲ್ಲ'ವೇ ಬಂದು ಕೂರುತ್ತದಂತೆ. ಅಂಗಡಿ ಹೋಗಿತ್ತು, ಬಾಯಿ ಹೋಗಿರಲಿಲ್ಲ. ಚಾರ್ಜರ್ ಉಂಟಾ ಎಂದು ಯಾರು ಕೇಳಿದರೂ ಭಾವ ಹೇಳುತ್ತಿದ್ದದ್ದು ಒಂದೇ: "ಉಂಟು ಉಂಟು, ಬನ್ನಿ."

ಇದರಿಂದ ನಮ್ಮ ಕಡೆಯವರಿಗೆ ತೊಂದರೆ ಆಗಲಿಲ್ಲ. ನಮ್ಮಲ್ಲಿ ಉಂಟು ಎಂದರೆ ವಸ್ತು ಅಲ್ಲಿ ನಿಂತಿದೆ ಎಂದಷ್ಟೇ ಅರ್ಥ. ಸೇತುವೆ ಉಂಟು, ಆದರೆ ದಾಟಲಿಕ್ಕಾಗದು. ಆಸ್ಪತ್ರೆ ಉಂಟು, ಆದರೆ ಡಾಕ್ಟ್ರು ಇವತ್ತಿಲ್ಲ. ಆದ್ದರಿಂದ ಕಾರ್ಕಳದವನಾಗಲಿ ಕಾಪುವಿನವನಾಗಲಿ ಕೂಡಲೇ ಎರಡನೆಯ ಪ್ರಶ್ನೆ ಕೇಳುತ್ತಾನೆ: "ಸರಿ ಉಂಟಾ?" ಆಗ ಭಾವ, "ಅದು ಸ್ವಲ್ಪ ರಿಪೇರಿ ಉಂಟು ಮಾರಾಯ್ರೇ," ಎನ್ನುತ್ತಿದ್ದರು. ಇಲ್ಲ ಎನ್ನದೆಯೇ ವಿಷಯ ಮುಟ್ಟುತ್ತಿತ್ತು.

ಕನ್ನಡದ ಆ ಕರೆ ಬಂದ ದಿನ ನಾನು ಬಸ್ಸಿನಲ್ಲಿ ಹೋಗಿದ್ದೆ. ಬಜಗೋಳಿಗೆ ಕಾರು ಒಯ್ಯುವುದನ್ನು ಬಿಟ್ಟಿದ್ದೆ. ಒಯ್ದರೆ ಭಾವ ಅದನ್ನು ಆ ಯಂತ್ರದ ಎದುರು ನಿಲ್ಲಿಸಲು ಹೇಳುತ್ತಿದ್ದರು: "ನಿಂತಿರಲಿ ಮಾರಾಯ, ನಾಲ್ಕು ಜನ ನೋಡ್ತಾರೆ." ಊಟಕ್ಕೆ ಮೊದಲು ಫೋನ್ ಬಂತು. ಭಾವ ಯಾವಾಗಲೂ ಸ್ಪೀಕರಿನಲ್ಲಿ ಮಾತನಾಡುವವರು. ಒಬ್ಬ ಹೆಂಗಸಿನ ದನಿ, ಘಾಟಿಯ ಮೇಲಿನ ಕನ್ನಡ.

"ಸರ್, ಬಜಗೋಳೀಲಿ ಚಾರ್ಜರ್ ಇದೆಯಾ?"

"ಉಂಟು ಉಂಟು, ಬನ್ನಿ."

"ಥ್ಯಾಂಕ್ಸ್ ಸರ್. ನಾವು ಕಳಸ ಬಿಡ್ತಾ ಇದೀವಿ."

ಫೋನ್ ಕಟ್ ಆಯಿತು. ನಾನು ಎರಡನೆಯ ಪ್ರಶ್ನೆಗೆ ಕಾಯುತ್ತಿದ್ದೆ ಎಂದು ಈಗ ಅನಿಸುತ್ತದೆ. ಆಗ ಬರಿದೇ ಪೇಪರ್ ನೋಡುತ್ತಿದ್ದೆನೋ ಏನೋ. "ಪಾಪ, ಮೇಲಿನವರು. ಹೇಳಬೇಕಿತ್ತಲ್ಲ," ಎಂದಳು ಅಕ್ಕ. ಭಾವನಿಗೂ ಹಾಗೆಯೇ ಅನಿಸಿರಬೇಕು. ಅವರು ತಿರುಗಿ ಫೋನ್ ಮಾಡಿದರು. ಮತ್ತೊಮ್ಮೆ ಮಾಡಿದರು. ಕಾಡು ಹೊಕ್ಕ ಮೇಲೆ ಸಿಗ್ನಲ್ ಎಲ್ಲಿಯದು?

ಮಧ್ಯಾಹ್ನ ಕಳೆದು ಕಾರು ಬಂತು. ಓಡಿಸುತ್ತಿದ್ದವರು ನಡುವಯಸ್ಸಿನ ಹೆಂಗಸು, ಪಕ್ಕದಲ್ಲಿ ಅವರ ತಾಯಿ. ಇಳಿದವರೇ ಕೇಬಲ್ ಎತ್ತಿ ಕಾರಿಗೆ ಸಿಕ್ಕಿಸಿದರು. ಪರದೆಯಲ್ಲಿ ಏನೋ ತಿರುಗಿತು, ನಿಂತಿತು. ತೆಗೆದು ಮತ್ತೆ ಸಿಕ್ಕಿಸಿದರು. ಭಾವ ಜಗಲಿಯಿಂದ ಇಳಿದು ಹೋಗಿ, ಅದು ಸಿಡಿಲಿಗೆ ಸುಟ್ಟುಹೋಗಿದೆ ಎಂದು ಹೇಳಿದರು.

"ಇದೆ ಅಂದ್ರಲ್ಲ ಸರ್ ನೀವು?"

"ನಾನು ಇದೆ ಅಂತ ಹೇಳಿದ್ದಲ್ಲ ಅಮ್ಮಾ. ಉಂಟು ಅಂತ ಹೇಳಿದ್ದು."

ಭಾವ ತಮಾಷೆ ಮಾಡುತ್ತಿರಲಿಲ್ಲ. ನಿಜವಾಗಿ ವ್ಯತ್ಯಾಸ ಹೇಳುತ್ತಿದ್ದರು. ಹೆಂಗಸು ಅವರನ್ನೇ ನೋಡಿದರು. ಆಮೇಲೆ ಹೇಳಿದರು: ತಂಗಿ ಮಣಿಪಾಲದಲ್ಲಿ ಆಸ್ಪತ್ರೆಯಲ್ಲಿದ್ದಾಳೆ, ತಲೆಯ ಆಪರೇಷನ್, ಸಂಜೆಗೆ ಒಳಗೆ ಕರೆದುಕೊಂಡು ಹೋಗುತ್ತಾರೆ. ಅದಕ್ಕೆ ಮೊದಲು ಅಮ್ಮ ಒಮ್ಮೆ ಅವಳ ಜೊತೆ ಮಾತಾಡಬೇಕು. ಇಲ್ಲಿ ಚಾರ್ಜರ್ ಇಲ್ಲವೆಂದು ಗೊತ್ತಿದ್ದರೆ ಕಳಸದಲ್ಲೇ ನೆಂಟರ ಕಾರು ಕೇಳುತ್ತಿದ್ದೆವು.

ಕಾರಿನಲ್ಲಿ ಕಾರ್ಕಳ ಮುಟ್ಟುವಷ್ಟೂ ಚಾರ್ಜ್ ಉಳಿದಿರಲಿಲ್ಲ. ಆಕೆ ಅಳತೊಡಗಿದರು ಎಂದು ಅಕ್ಕ ಹೇಳುತ್ತಾಳೆ. ನನಗೆ ಹಾಗೆ ನೆನಪಿಲ್ಲ. ಆಕೆ ಕೇಬಲನ್ನು ಸರಿಯಾಗಿ ಸುತ್ತಿ ಅದರ ಕೊಕ್ಕೆಗೆ ತೂಗುಹಾಕಿದ್ದು ನೆನಪಿದೆ. ಕೆಲಸ ಮಾಡುವ ಯಂತ್ರಕ್ಕೂ ಯಾರೂ ಅಷ್ಟು ಮರ್ಯಾದೆ ಕೊಡುವುದಿಲ್ಲ. ಎರಡೂ ನಡೆದಿರಬಹುದು. ಅಕ್ಕ ಬೆಲ್ಲದ ತುಂಡು, ಕುಡಿಯಲು ನೀರು ತಂದಳು. ತಾಯಿ ಮಾತ್ರ ಕುಡಿದರು, ಬೆಲ್ಲವನ್ನು ಕೈಯಲ್ಲೇ ಹಿಡಿದುಕೊಂಡರು.

ಭಾವ ರಸ್ತೆಯಲ್ಲಿ ಓಡಿದರು. ಅವರು ಓಡಿದ್ದನ್ನು ನಾನು ಬೇರೆ ಯಾವಾಗಲೂ ನೋಡಿಲ್ಲ. ಪರಿಚಯದ ಕಾರಿನವರೆಲ್ಲ ಒಂದು ಮದುವೆಗೆ ಹೋಗಿದ್ದರು. ಕೊನೆಗೆ ಸಿಕ್ಕಿದ್ದು ಒಂದು ಆಟೋ.

"ಮಣಿಪಾಲಕ್ಕೆ ಆಟೋದಲ್ಲಾ? ಮರ್ಲಾ, ಹುಚ್ಚಾ ನಿಮಗೆ?" ಎಂದ ಆಟೋದವನು.

"ಕಾರ್ಕಳಕ್ಕೆ ಬಿಡು ಮಾರಾಯ. ಅಲ್ಲಿ ಟ್ಯಾಕ್ಸಿ ಮಾಡಿ ಕೊಡು. ನೀನೇ ಮಾಡಿ ಕೊಡು, ಹಾಗೇ ಇಳಿಸಿ ಬರಬೇಡ."

ಜೊತೆಗೆ ನಾನು ಬರುತ್ತೇನೆ ಎಂದೆ. ಹೆಂಗಸು ಬೇಡ ಎಂದರು. ಹೊರಡುವಾಗ ಆಕೆ ಕಾರಿನ ಕೀಲಿಯನ್ನು ಅಕ್ಕನ ಕೈಗೆ ಕೊಟ್ಟರು. ಭಾವ ಕೈ ಚಾಚಿದ್ದರು.

ಸಂಜೆಯಿಡೀ ಭಾವ ಜಗಲಿಯ ಸ್ವಿಚ್ಚಿನಿಂದ ವಯರು ಎಳೆದು ಆ ಕಾರನ್ನು ಚಾರ್ಜಿಗೆ ಹಾಕುವುದರಲ್ಲಿದ್ದರು. ಮನೆಯ ಕರೆಂಟಿನಲ್ಲಿ ಅದು ತೊಟ್ಟು ತೊಟ್ಟಾಗಿ ಏರುತ್ತದೆ. ಮರುದಿನ ಅವರು ಎದ್ದು ಕಾರನ್ನು ಒರೆಸಿದರು, ಗಾಜು ತೊಳೆದರು. ಅಕ್ಕ ಬಾಗಿಲಲ್ಲಿ ನಿಂತು, "ಸಾಕು, ಬಣ್ಣ ಹೋಗ್ತದೆ," ಎಂದಳು. ಅವರು ನಗಲಿಲ್ಲ. ಮಧ್ಯಾಹ್ನ ಬಸ್ಸಿನಲ್ಲಿ ಬಂದಿಳಿದ ಒಬ್ಬ ಡ್ರೈವರ್, ಕಾರು ಒಯ್ಯಲು ಬಂದಿದ್ದೇನೆ ಎಂದ.

"ಅವರ ತಂಗಿ ಹೇಗಿದ್ದಾರೆ?" ಎಂದು ಭಾವ ಕೇಳಿದರು.

"ನಂಗೇನೂ ಗೊತ್ತಿಲ್ಲ ಸರ್. ಕಾರು ತಗೊಂಡು ಬಾ ಅಂದ್ರು, ಬಂದೆ."

"ಅಮ್ಮ ಹೋಗಿ ಮುಟ್ಟಿದ್ರಾ, ಹೊತ್ತಿಗೆ?"

"ಗೊತ್ತಿಲ್ಲ ಸರ್."

ಕಾರು ಹೋಯಿತು. ಅವನು ಕೊಡಬಂದ ದುಡ್ಡನ್ನು ಭಾವ ಮುಟ್ಟಲಿಲ್ಲ.

ಅಲ್ಲಿಂದ ಮುಂದೆ ಭಾವನ ಬಾಯಲ್ಲಿ 'ಇಲ್ಲ' ಬಂತು. ಮೊದಲು ಫೋನಿನಲ್ಲಿ: ಚಾರ್ಜರ್ ಉಂಟಾ ಎಂದರೆ ಇಲ್ಲ, ನಕಾಶೆಯಲ್ಲಿ ಉಂಟಲ್ಲ ಎಂದರೆ ಇಲ್ಲ. ಆಮೇಲೆ ಜಗಲಿಯ ಫ್ರಿಜ್ಜಿನಲ್ಲಿ ಸೋಡಾ ಇರುವಾಗಲೂ ಕೇಳಿದವರಿಗೆ ಇಲ್ಲ ಎಂದರು. ಈಗ ಫ್ರಿಜ್ಜು ಒಳಗೆ ಹೋಗಿದೆ. ಕಳೆದ ಸಲ ಹೋದಾಗ, ಊಟ ಆಯಿತಾ ಭಾವ ಎಂದೆ. ಇಲ್ಲ ಎಂದರು. ಆಗಿತ್ತು, ಕೈ ಇನ್ನೂ ಒದ್ದೆಯಿತ್ತು.

ಯಂತ್ರದ ಮೇಲೆ ಒಂದು ರಟ್ಟು ಕಟ್ಟಿ 'ಹಾಳಾಗಿದೆ' ಎಂದು ಬರೆಯೋಣ ಎಂದೆ. ಬರೆದು ಕಟ್ಟಿದೆ. ಮಳೆಗೆ ಅಕ್ಷರ ಹೋಯಿತು. ನಕಾಶೆಯವರಿಗೆ ದೂರು ಕೊಟ್ಟೆ. ತಮ್ಮ ಸಹಕಾರಕ್ಕೆ ಧನ್ಯವಾದ ಎಂದು ಉತ್ತರ ಬಂತು. ಚುಕ್ಕೆ ಹಸಿರಾಗಿಯೇ ಇದೆ. ಕಾಪುವಿನಲ್ಲಿ ನಾಲ್ಕನೆಯದು ಬರುತ್ತಿದೆ, ಕಾಂಕ್ರೀಟ್ ಹಾಕಿಯಾಗಿದೆ.

ಆ ಹೆಂಗಸಿನ ನಂಬರು ಭಾವನ ಫೋನಿನಲ್ಲಿದೆ. ಅವರು ಅದನ್ನು ಅಳಿಸಿಲ್ಲ. ಕರೆ ಮಾಡಿ ಕೇಳಿದರೆ ತಿಳಿಯುತ್ತದೆ ಎಂದು ಅಕ್ಕ ಒಮ್ಮೆ ಹೇಳಿದಳು. ಭಾವ ಎದ್ದು ಹಿತ್ತಲಿಗೆ ಹೋದರು. ನಾನೂ ಆ ನಂಬರನ್ನು ಕೇಳಿ ಪಡೆಯಲಿಲ್ಲ. ಆ ತಾಯಿ ಮಣಿಪಾಲವನ್ನು ಯಾವ ಹೊತ್ತಿಗೆ ಮುಟ್ಟಿದರು, ಮಗಳೊಡನೆ ಮಾತಾಡಿದರೋ ಇಲ್ಲವೋ, ಮಗಳು ಆಮೇಲೆ ಎದ್ದಳೋ ಇಲ್ಲವೋ, ನನಗೆ ಗೊತ್ತಿಲ್ಲ.