ಚೋಕಿನ ಡಬ್ಬಿಗೆ ಜಾಳಿ

ನಾಂದಣಿ ಊರಿನ ಒಂದು ಜೈನರ ಮನಿಗೆ, ದನದ ಕೊಟ್ಟಿಗ್ಯಾಗ ಸೋಡಿಯಂ ಲೈಟ್ ಕೂಡಸಾಕ ಹೋಗಿದ್ದೆ. ಲೈಟ್ ಹತ್ತಸೂ ಚೋಕು, ಕೆಪ್ಯಾಸಿಟರ್ ಎಲ್ಲಾ ತಗಡಿನ ಡಬ್ಬಿಯೊಳಗ ಹಾಕಿ ಅರ್ಥಿಂಗ್ ಕೊಟ್ಟೆ. ಚೋಕು ಭಾಳ ಕಾಯತೈತಿ ಅಂತ ಡಬ್ಬಿಯ ಕೆಳಗ ಗಾಳಿಗೆ ತೂತು ಬಿಟ್ಟಿದ್ದೆ. ಮನಿಯ ಹಿರಿ ಅವ್ವಾರು ಅದನ್ನ ನೋಡಿ, "ತಮ್ಮಾ, ಈ ತೂತಿಗೆ ಒಂದು ಸಣ್ಣ ಕಣ್ಣಿನ ತಂತಿ ಜಾಳಿ ಬಡಿ. ಬೆಚ್ಚಗ ಐತಂತ ಹುಳಾ-ಹುಪ್ಪಡಿ ಒಳಗ ಹೋಗತಾವು" ಅಂದ್ರು.

"ಹುಳದ ಚಿಂತಿ ಎಲ್ಲಿ ಮಾಡ್ತೀರಿ ಬಿಡ್ರಿ ಅವ್ವಾರ" ಅಂತ ನಕ್ಕೆ. ಗಡಿಬಿಡಿಯೊಳಗ ವಾಯರ್ ಕೂಡೂ ಟರ್ಮಿನಲ್ಲಿಗೆ ಮುಚ್ಚಳಾನೂ ಹಾಕಲಿಲ್ಲ.

ತಿಂಗಳದಾಗ ಫೋನ್ ಬಂತು, ಲೈಟ್ ಹತ್ತವಲ್ದು ಅಂತ. ಹೋಗಿ ಮೇನ್ ಸ್ವಿಚ್ ಬಂದ್ ಮಾಡಿದೆ. ಕೆಪ್ಯಾಸಿಟರಿನ್ಯಾಗ ಉಳಿದ ಕರೆಂಟ್ ಇಳಿಸಿ, ಟೆಸ್ಟರ್ ಹಚ್ಚಿ ನೋಡೇ ಕೈ ಹಾಕಿದೆ. ನನ್ನ ಕೈಯ ಕಾಳಜಿ ನನಗ ಭಾಳ. ಎರಡು ಟರ್ಮಿನಲ್ ನಡುವ ಒಂದು ಹಲ್ಲಿ ಸುಟ್ಟು ಕರಕಲಾಗಿ ಅಂಟಿಕೊಂಡಿತ್ತು.

ಹಿಂದ ನಿಂತಿದ್ದ ಅವ್ವಾರು ಬೈತಾರ ಅನ್ಕೊಂಡೆ. ಬೈದಿದ್ರ ಚಲೋ ಇತ್ತು. "ತಪ್ಪು ನಂದ ತಮ್ಮಾ. ನೀ ನಕ್ಕಿ ಅಂತ ನಾ ಸುಮ್ಮನಾದೆ" ಅಂದ್ರು. ಒಂದು ಜೀವ ಹೋದ ಪ್ರಾಯಶ್ಚಿತ್ತಕ್ಕಂತ ಅವತ್ತು ಅವರು ಉಪವಾಸ ಹಿಡದ್ರು, ನನ್ನನ್ನ ಮಾತ್ರ ಒತ್ತಾಯ ಮಾಡಿ ಊಟಕ್ಕ ಕೂಡಿಸಿದ್ರು. ಉಂಡೆದ್ದು ಟರ್ಮಿನಲ್ಲಿಗೆ ಮುಚ್ಚಳಾ ಹಾಕಿ, ತೂತಿಗೆ ಜಾಳಿ ಬಡದು ಬಂದೆ.

ಈಗ ಇಚಲಕರಂಜಿಯ ಮಗ್ಗದ ಕಾರ್ಖಾನಿಗೆ ಹೋದ್ರೂ ಮೊದಲ ಜಾಳಿ ಬಡೀತೇನಿ. "ಇದೇನು ಸರಕಾರದ ಹೊಸಾ ನಿಯಮೇನ್ರಿ?" ಅಂತ ಮಾಲಕರು ಕೇಳತಾರ. "ಹೌದ್ರಿ" ಅಂತೇನಿ. ಹಲ್ಲಿ ಸಲುವಾಗಿ ಅಂದ್ರ ಅವರೂ ನಗತಾರ, ನಾ ನಕ್ಕಂಗ.