ಎಕ್ಸ್‌ರೇ ಕವರಿನಲ್ಲಿ ಬಂದ ಸಂತರು

ಆ ಚಿತ್ರದಲ್ಲಿ ಆರು ಸಂತರಿದ್ದಾರೆ ಎಂದೇ ನಂಬಿದ್ದೆ. ಈಗ ಎಣಿಸಿದರೆ ಐದು. ಆದ್ದರಿಂದ ಆ ದಿನದ ಬಗ್ಗೆ ನಾನು ಬರೆಯುತ್ತಿರುವುದನ್ನೂ ಅಷ್ಟೇ ನಂಬಬೇಕು.

ಅದು ಹತ್ತೊಂಬತ್ತನೆಯ ಶತಮಾನದ ಕಲ್ಲಚ್ಚಿನ ಚಿತ್ರ. ಯುರೋಪಿನ ಯಾವುದೋ ಗೋಥಿಕ್ ಪ್ರಾರ್ಥನಾ ಮಂದಿರದ ಚೂಪು ಕಮಾನುಗಳ ಕೆಳಗೆ ನಿಂತ ಕಲ್ಲಿನ ಸಂತರು. ಮಂಗಳೂರಿನಲ್ಲಿ ತೀರಿಕೊಂಡ ಚಿಕ್ಕಮ್ಮ ನನಗೆ ಬಿಟ್ಟುಹೋದದ್ದು. ಕುವೈತಿಗೆ ತರುವಾಗ ವಿಮಾನ ನಿಲ್ದಾಣದಲ್ಲಿ ಈ ಕ್ರೈಸ್ತ ಚಿತ್ರವೇಕೆಂದು ಕೇಳಿದರೆ ಎಂಬ ಹೆದರಿಕೆ. ಯಾರೂ ಕೇಳುತ್ತಿರಲಿಲ್ಲವೇನೋ, ನಮಗೆ ಕೇಳುವ ಮೊದಲೇ ಹೆದರಿ ಅಭ್ಯಾಸ. ಗಂಡನ ಎಕ್ಸ್‌ರೇ ಇದ್ದಂಥದೇ ಇನ್ನೊಂದು ಆಸ್ಪತ್ರೆ ಕವರಿನಲ್ಲಿ ಅದನ್ನು ಸೇರಿಸಿದೆ.

ಗಂಡನಿಗೆ ಚಿಕ್ಕಂದಿನಲ್ಲಿ ಕ್ಷಯ ಬಂದು ವಾಸಿಯಾಗಿತ್ತು. ಶ್ವಾಸಕೋಶದಲ್ಲಿ ಕಲೆ ಉಳಿದಿದೆ. ಹೊಸ ಕೆಲಸಕ್ಕೆ ಹೊಸ ತಪಾಸಣೆ. ಕಲೆ ಹಳೆಯದೆಂದು ಊರಿನ ಎಕ್ಸ್‌ರೇ ತೋರಿಸದಿದ್ದರೆ ಇಕಾಮಾ ಎಂಬ ವಾಸದ ಪರವಾನಗಿ ಇಲ್ಲ, ಊರಿಗೆ ವಾಪಸ್ಸು.

ಮೀನಾ ಅಬ್ದುಲ್ಲಾ ಎಂಬ ಊರಿನ ಕ್ಲಿನಿಕ್ಕಿನಲ್ಲಿ ಕವರು ಕೊಟ್ಟವಳು ನಾನೇ. ಡಾಕ್ಟರು ಹೊರಗೆಳೆದದ್ದು ಸಂತರನ್ನು. ಬೆಳಕಿನ ಪೆಟ್ಟಿಗೆಗೆ ಹಿಡಿದಾಗ ಮುಖಗಳೆಲ್ಲ ಕಪ್ಪಾದವೆಂದು ನನ್ನ ನೆನಪು. ಮೇಜಿನ ಮೇಲಿಟ್ಟರು ಅಷ್ಟೇ ಎನ್ನುತ್ತಾರೆ ಗಂಡ.

ಉಡುಪಿ ಕಡೆಯ ನರ್ಸ್ ಇಣುಕಿ ನೋಡಿ, “ಎಂತ ಅಕ್ಕ, ಎದೆಯೊಳಗೆ ಇಷ್ಟು ಜನ ಇದ್ರೆ ಇವರು ಉಸಿರಾಡುದು ಹೇಗೆ?” ಎಂದಳು.

ಡಾಕ್ಟರು ನಗಲಿಲ್ಲ. “ಫಿಲ್ಮ್ ಇವತ್ತೇ ಬೇಕು. ಒಂದು ಗಂಟೆಗೆ ಖಲಾಸ್.”

“ಹೋಗು ಮಾರಾಯ್ತಿ, ಬೇಗ ಬಾ. ಅಷ್ಟರವರೆಗೆ ನಾನು ಕೆಮ್ಮುದಿಲ್ಲ,” ಎಂದರು ಗಂಡ.

ಫಿಂಟಾಸಿನಲ್ಲಿದ್ದ ನಮ್ಮ ಮನೆಗೆ ಟ್ಯಾಕ್ಸಿಯಲ್ಲಿ ಹೋಗುವಾಗ ಹೊಸ ಭಯ ಹುಟ್ಟಿತು. ಎಕ್ಸ್‌ರೇ ಇದ್ದ ಕವರನ್ನು ಊರಿನಿಂದ ತಂದಿದ್ದೆನೇ? ಸೂಟ್‌ಕೇಸಿನ ತಳದಲ್ಲಿಟ್ಟದ್ದು ಕಣ್ಣಿಗೆ ಕಟ್ಟಿದಂತಿತ್ತು. ಮಂಗಳೂರಿನ ಕಪಾಟಿನ ಮೇಲೆ ಬಿಟ್ಟುಬಂದದ್ದೂ ಅಷ್ಟೇ ಸ್ಪಷ್ಟವಾಗಿತ್ತು. ಎರಡರಲ್ಲಿ ಒಂದು ನೆನಪನ್ನು ನಾನೇ ಕಟ್ಟಿಕೊಂಡಿದ್ದೆ. ಯಾವುದೆಂದು ತಿಳಿಯುವ ದಾರಿಯಿರಲಿಲ್ಲ.

ಕವರು ಹಾಸಿಗೆಯ ಕೆಳಗೆ ಸಿಕ್ಕಿತು. ಅಲ್ಲಿಟ್ಟದ್ದು ನನಗೆ ಇವತ್ತಿಗೂ ನೆನಪಿಲ್ಲ.

ಒಂದು ಗಂಟೆಗೆ ಹತ್ತು ನಿಮಿಷವಿರುವಾಗ ಡಾಕ್ಟರು ಹಳೆಯ, ಹೊಸ ಫಿಲ್ಮುಗಳನ್ನು ಪಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದರು. ಕಲೆ ಬೆಳೆದಿಲ್ಲ ಎಂದು ಸಹಿ ಹಾಕಿದರು. ಮುಂದಿನ ವರ್ಷ ಮತ್ತೆ ನೋಡಬೇಕಂತೆ.

ಸಂತರೀಗ ಹಾಲಿನ ಗೋಡೆಯ ಮೇಲಿದ್ದಾರೆ. ಬಂದವರು ನೋಡುತ್ತಾರೆ, ಯಾರೂ ಏನೂ ಕೇಳಿಲ್ಲ. ಗಂಡ ಬಚ್ಚಲಲ್ಲಿ ಒಮ್ಮೆ ಕೆಮ್ಮಿದರೆ ನಾನು ಅಡುಗೆಮನೆಯ ನಲ್ಲಿ ನಿಲ್ಲಿಸಿ ಎರಡನೆಯ ಕೆಮ್ಮಿಗೆ ಕಿವಿಗೊಡುತ್ತೇನೆ.